ಮಷಿನಕ್ಕನ ಕಿಟಕಿ

ವಠಾರದಲ್ಲಿ ಅವಳನ್ನು ಎಲ್ಲರೂ ಮಷಿನಕ್ಕ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಹಿಡಿದು ಕೂಗಿದರೆ ಅವಳೇ ಹಿಂದೆ ತಿರುಗಿ ಬೇರೆ ಯಾರನ್ನೋ ಹುಡುಕುತ್ತಿದ್ದಳು. ಅಂಗಳದ ಸುತ್ತ ಇದ್ದ ಸಾಲುಮನೆಗಳಲ್ಲಿ ಅವಳದ್ದು ನಲ್ಲಿಯ ಪಕ್ಕದ್ದು. ಹೊಲಿಗೆ ಮಷಿನ್ನನ್ನು ಹೊಸಿಲಿಗೆ ಒತ್ತಿದಂತೆ ಇಟ್ಟುಕೊಂಡು, ಪೆಡಲ್ ತುಳಿಯುತ್ತಾ ಅರ್ಧ ವಠಾರದ ಸಂಸಾರವನ್ನು ನೋಡಿಕೊಳ್ಳುತ್ತಿದ್ದಳು. ಯಾರ ಮಗು ಬಿತ್ತು, ಯಾರ ಮನೆಯ ಹಾಲು ಉಕ್ಕಿತು, ಯಾವ ಗಂಡ ಹೆಂಡಿರು ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವಳು ಕೂತಲ್ಲಿಗೇ ಬರುತ್ತಿತ್ತು. ಗಂಡ ಸಿಟಿ ಬಸ್ಸಿನ ಕಂಡಕ್ಟರ್. ಸಂಜೆ ಮನೆಗೆ ಬಂದವನು ಬಾಗಿಲಲ್ಲಿ ಸೇರಿದ ಹೆಂಗಸರನ್ನು ಕಂಡು, “ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ, ಒಳಗೆ ಜಾಗ ಇದೆ” ಎನ್ನುತ್ತಾ ತೂರಿಕೊಂಡು ಹೋಗುತ್ತಿದ್ದ.

ರಸ್ತೆ ಅಗಲವಾಗಬೇಕೆಂದು ಆ ವಠಾರ ಕೆಡವಿದರು. ಅಲ್ಲಿದ್ದವರಿಗೆ ಊರಂಚಿನಲ್ಲಿ ಕಟ್ಟಿದ ಮಹಡಿ ಮನೆಗಳು ಸಿಕ್ಕವು. ಒಳ್ಳೆಯ ಮನೆಗಳೇ. ಒಳಗೇ ನೀರು, ಒಳಗೇ ಬಚ್ಚಲು, ಸೋರದ ತಾರಸಿ. ದೂರುವುದಕ್ಕೆ ಏನೂ ಇರಲಿಲ್ಲ. ಮಷಿನಕ್ಕನಿಗೆ ಕಷ್ಟವಾದದ್ದು ಅದೇ. ಚೀಟಿ ಎತ್ತಿ ಮನೆ ಹಂಚಿದ್ದರಿಂದ ವಠಾರದವರೆಲ್ಲ ಮೇಲೊಬ್ಬರು ಕೆಳಗೊಬ್ಬರು ಆಗಿದ್ದರು. ಬಾಗಿಲು ಹಾಕಿಕೊಂಡರೆ ಪಕ್ಕದ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ತಿಳಿಯದು. ಅವಳ ಹೆರಿಗೆಗಳಲ್ಲಿ ಕೈ ಹಿಡಿದು ಕೂತಿದ್ದ ಮೂಲೆಮನೆ ಅಜ್ಜಿಗೆ ತೀರ ಮೇಲಿನ ಮಹಡಿ ಬಂದಿತ್ತು. ಮಂಡಿನೋವಿನ ಅಜ್ಜಿಯನ್ನು ಮೊಮ್ಮಕ್ಕಳು ಕುರ್ಚಿ ಸಮೇತ ಹೊತ್ತು ಹತ್ತಿಸಿದ್ದೇ ಕೊನೆ, ಆಕೆ ಮತ್ತೆ ಇಳಿದಿರಲಿಲ್ಲ.

ಮನೆಯೊಳಗಿನ ಬೆಳಕಿಗೆ ಸೂಜಿಯ ಕಣ್ಣೇ ಕಾಣದು. ಸಾಕಾಗಿ ಒಂದು ಬೆಳಿಗ್ಗೆ ಮಷಿನಕ್ಕ ಮಷಿನ್ನನ್ನು ಬಾಗಿಲಾಚೆಗೆ, ಮೆಟ್ಟಿಲು ಬಂದು ಮುಟ್ಟುವ ಜಾಗಕ್ಕೆ ಎಳೆದಳು. ಅಲ್ಲೊಂದು ದೊಡ್ಡ ಕಿಟಕಿಯಿತ್ತು. ಮೊದಲು ಹತ್ತಿ ಇಳಿಯುವವರು “ಇಲ್ಲಿಗೆ ಬಂದ್ರಾ?” ಎಂದು ಕೇಳಿ ಹೋದರು. ಆಮೇಲೆ ನಿಂತರು. ಆಮೇಲೆ ಮೆಟ್ಟಿಲ ಮೇಲೆ ಕೂತೇಬಿಟ್ಟರು. ಹರಿದ ದಿಂಬಿನ ಚೀಲ ತಂದವಳು ಮೇಲಿನವರ ಸುದ್ದಿ ತಂದಳು, ಗುಂಡಿ ಹಾಕಿಸಲು ಬಂದವನು ಕೆಳಗಿನವರ ಸುದ್ದಿ ಒಯ್ದ.

ಮನೆಗಳಲ್ಲಿ ಜನ ಹೇಗಿದ್ದಾರೆಂದು ನೋಡಲು ನಗರ ಯೋಜನೆಯ ಕಚೇರಿಯಿಂದ ಒಬ್ಬಳು ಬರತೊಡಗಿದಳು. ಆ ಕಟ್ಟಡದ ನಕ್ಷೆ ಬರೆದವಳೇ ಅವಳು. ಮಷಿನಕ್ಕನ ಸುತ್ತ ಕೂತವರನ್ನು ಕಂಡು ಅವಳೂ ಮೆಟ್ಟಿಲ ಮೇಲೆ ಕೂತಳು.

“ಪ್ರತಿ ಮನೆ ಮುಂದೆನೂ ಹೀಗೆ ಕೂರೋಕೆ ಜಾಗ ಬಿಟ್ಟಿದ್ದೆ ಅಕ್ಕ. ಇನ್ನೊಂದಷ್ಟು ಮನೆ ಹಿಡಿಸಬೇಕು ಅಂದ್ರು. ಕತ್ತರಿಸ್ತಾ ಕತ್ತರಿಸ್ತಾ ಈ ಕಿಟಕಿ ಒಂದು ಉಳೀತು.”

“ಉಳಿದದ್ದು ನನಗೆ ಸಿಕ್ತು ಬಿಡು” ಎಂದಳು ಮಷಿನಕ್ಕ. “ಎಲ್ಲಿ, ಎದ್ದು ನಿಲ್ಲು. ಈ ಅಂಗಿ ಭುಜ ಯಾರು ಹೊಲಿದ್ರು ನಿನಗೆ? ಜೋತುಬಿದ್ದಿದೆ.”

ಅಂದಿನಿಂದ ನಕ್ಷೆಯವಳು ಕೆಲಸವಿದ್ದರೂ ಬರುತ್ತಿದ್ದಳು, ಇಲ್ಲದಿದ್ದರೂ ಬರುತ್ತಿದ್ದಳು. ಒಂದು ದಿನ ಮಾತ್ರ ಕೂರದೆ ನಿಂತೇ ಹೇಳಿದಳು: “ಅಕ್ಕ, ಲಿಫ್ಟ್ ಮಂಜೂರಾಗಿದೆ. ಹೊರಗೋಡೆಗೆ ಒರಗಿಸಿ ಕಟ್ಟಬೇಕು. ಬಾಗಿಲು ಮಾಡೋಕೆ ಈ ಕಿಟಕಿ ಬಿಟ್ರೆ ಬೇರೆ ಜಾಗ ಇಲ್ಲ.”

ಮಷಿನಕ್ಕ ಮಷಿನ್ನಿಗೆ ಮುಸುಕು ಹಾಕಿ ಒಳಗೆ ಹೋದಳು. ಮನೆಯಲ್ಲಿ ಗಂಡ “ಸ್ಟಾಪ್ ಬಂದ್ಮೇಲೆ ಇಳೀಲೇಬೇಕಲ್ಲ ಕಣೇ” ಎಂದು ನಗಿಸಲು ನೋಡಿದ. ಅವಳು ತಟ್ಟೆ ಕುಕ್ಕಿದಳು. “ಒಂದು ಸಲ ಎಬ್ಬಿಸಿದ್ದು ಸಾಲ್ದಾ ಇವರಿಗೆ?”

ಮರುದಿನ ಗೋಳು ಹೇಳಿಕೊಳ್ಳಲು ಅಜ್ಜಿಯ ಮನೆಗೆ ಹತ್ತಿದಳು. ಅಜ್ಜಿ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕೂತಿದ್ದಳು.

“ಬಾರೇ. ಕೆಳಗೆ ಒಂದು ಮಗು ದಿನಾ ಓಡಾಡುತ್ತಲ್ಲ, ಯಾರದ್ದು ಅದು?”

“ನಿಮ್ಮ ನಲ್ಲಿ ಜಗಳದ ಗೆಳತಿ ಇಲ್ವಾ, ಅವಳ ಮೊಮ್ಮಗಳು.”

“ಹೌದಾ? ನಡೆಯೋಕೆ ಕಲಿತುಬಿಡ್ತಾ?” ಎಂದು ಅಜ್ಜಿ ಮತ್ತೆ ಕೆಳಗೆ ನೋಡಿದಳು. “ಇಲ್ಲಿಂದ ಮುಖ ಕಾಣಲ್ಲ ಕಣೇ. ಬರೀ ನೆತ್ತಿ.”

ಮಷಿನಕ್ಕ ಬಂದ ಮಾತನ್ನು ನುಂಗಿಕೊಂಡು ಇಳಿದಳು. ನಕ್ಷೆಯವಳು ಬಂದಾಗ, “ಲಿಫ್ಟ್ ಹಾಕಿಸು. ಆದ್ರೆ ನನ್ನನ್ನ ಎಲ್ಲಿ ಕೂರಿಸ್ತೀಯ, ಅದನ್ನೂ ಹೇಳಿ ಹೋಗು” ಎಂದಳು.

ಇಬ್ಬರೂ ಕೆಳಗಿಳಿದರು. ನೆಲಮಟ್ಟದಲ್ಲಿ ಬರೀ ಕಂಬಗಳು. ಕಾರು ನಿಲ್ಲಿಸಲೆಂದು ಬಿಟ್ಟ ಜಾಗ. ಕಾರಿದ್ದವರು ಯಾರೂ ಇರಲಿಲ್ಲ. ಮುರಿದ ಮಂಚ, ಒಡೆದ ಬಕೆಟ್ಟು, ಕತ್ತಲೆ. ಕೆಲಸ ಮುಗಿಸಿ ಬರುವ ಹುಡುಗಿಯರು ಅಲ್ಲಿ ಉಸಿರು ಬಿಗಿಹಿಡಿದು ದಾಟುತ್ತಿದ್ದರು. ರಸ್ತೆಯ ಕಡೆಗೆ ಗೋಡೆ ಎಬ್ಬಿಸಿ ಸಣ್ಣ ಸಣ್ಣ ಅಂಗಡಿ, ಕಂಬಗಳ ಸುತ್ತ ಕಲ್ಲಿನ ಕಟ್ಟೆ, ಮೇಲೆ ದೀಪ ಎಂದು ನಕ್ಷೆಯವಳು ಕೈಯಾಡಿಸಿ ತೋರಿಸಿದಳು. ಹೇಳಿದಷ್ಟು ಸುಲಭಕ್ಕೆ ಆಗಲಿಲ್ಲ. ಕಾರಿನ ಜಾಗ ಕಾರಿಗೇ ಇರಬೇಕೆಂದು ಕಚೇರಿಯಲ್ಲಿ ಹಟ ಹಿಡಿದರು. ಅವಳು ಮೇಲಧಿಕಾರಿಗಳನ್ನು ಕರೆತಂದು ಆ ಕತ್ತಲೆಯಲ್ಲಿ ನಿಲ್ಲಿಸಿದಳು, ಬೈಸಿಕೊಂಡಳು, ಮತ್ತೆ ಕರೆತಂದಳು. ಕಡೆಗೂ ಆಯಿತು. ಕಂಡಕ್ಟರನೂ ಸುಮ್ಮನಿರಲಿಲ್ಲ. ದೂರದ ಬಯಲಲ್ಲಿದ್ದ ಬಸ್ ನಿಲ್ದಾಣವನ್ನು ಕಟ್ಟೆಯ ಎದುರಿಗೇ ತರಬೇಕೆಂದು ಡಿಪೊದಲ್ಲಿ ಕಂಡಕಂಡವರ ಜೀವ ತಿಂದ.

ಲಿಫ್ಟು ಶುರುವಾದ ದಿನ ಅಜ್ಜಿ ತಲೆ ಬಾಚಿಕೊಂಡು ಇಳಿದಳು. ಕಟ್ಟೆಯ ಮೇಲೆ ಕೂತು, ಆ ಮಗುವಿನ ಗಲ್ಲ ಹಿಡಿದೆತ್ತಿ ತುಂಬಾ ಹೊತ್ತು ನೋಡಿದಳು. ನಲ್ಲಿ ಜಗಳದ ಗೆಳತಿಯೂ ಬಂದಳು. ಕತ್ತಲಾಗುವ ಹೊತ್ತಿಗೆ ಹಳೆಯ ಜಗಳವೊಂದು ಬಿಟ್ಟಲ್ಲಿಂದಲೇ ಮತ್ತೆ ಶುರುವಾಗಿತ್ತು. ಮಷಿನಕ್ಕ ಹೊಸ ಅಂಗಡಿಯ ಬಾಗಿಲಲ್ಲಿ ಕೂತು ಕೇಳುತ್ತಾ, ಹೊಲಿಗೆ ತಪ್ಪಿ ಮತ್ತೆ ಬಿಚ್ಚಿದಳು.

ಈಗ ಅಜ್ಜಿ ಇಲ್ಲ. ನಕ್ಷೆಯವಳಿಗೆ ಬೇರೆ ಊರಿಗೆ ವರ್ಗವಾಗಿದೆ. ಕಟ್ಟೆಯ ಸುತ್ತ ತರಕಾರಿ, ಹಣ್ಣು, ಚಪ್ಪಲಿ ರಿಪೇರಿ ಎಲ್ಲ ಬಂದಿವೆ, ಹುಡುಗಿಯರು ಬಸ್ಸಿಳಿದು ಹರಟುತ್ತಾ ನಿಲ್ಲುತ್ತಾರೆ. ಆದರೂ ಮಷಿನಕ್ಕನಿಗೆ ವಠಾರ ಮರೆತಿಲ್ಲ. ಬೆಳಗಿನ ಮಂಪರಿನಲ್ಲಿ ನಲ್ಲಿಯ ಸದ್ದು ಕೇಳಿದಂತಾಗಿ, ಕೊಡ ಇಡಲು ತಡವಾಯಿತೆಂದು ಗಡಿಬಿಡಿಯಲ್ಲಿ ಎದ್ದು ಕೂರುತ್ತಾಳೆ.

ಗಂಡನ ನಿವೃತ್ತಿಗೆ ಮುಂಚೆ ಒಮ್ಮೆ ಅವನ ಬಸ್ಸಿನಲ್ಲಿ ವಠಾರವಿದ್ದ ಆ ಅಗಲ ರಸ್ತೆಗೆ ಹೋಗಿದ್ದಳು. ಕಿಟಕಿಯ ಪಕ್ಕ ಕೂತು ಕಣ್ಣು ಕೀಲಿಸಿ ನೋಡುತ್ತಿದ್ದಳು. ಅವನು ಟಿಕೆಟ್ ಹರಿಯುವುದನ್ನು ಬಿಟ್ಟು ಹತ್ತಿರ ಬಂದು ಬಾಗಿದ.

“ಇಲ್ಲೇ ಎಲ್ಲೋ. ಕಾಣ್ತಾ?”

“ಏನ್ ಕಾಣುತ್ತೆ? ನಿಮ್ಮ ಡ್ರೈವರ್ ನಿಧಾನಕ್ಕೆ ಹೋದ್ರೆ ತಾನೆ” ಎಂದಳು. ಬಸ್ಸು ತಿರುವು ದಾಟುವವರೆಗೂ ಕತ್ತು ತಿರುಗಿಸಿ ಹಿಂದಕ್ಕೇ ನೋಡುತ್ತಿದ್ದಳು.