ಗುಂಜಿ ಬಾವಿಯ ಕೆಂಪು ಗೆರೆ

ವಡಗಾವಿಯ ಮಗ್ಗದ ಮನೆಯ ವೀರಾಗ್ರಣಿ ಪ್ರಮಿಳಾ ಗುಂಜಿ ಸ್ಟೇಷನ್ನಿನಲ್ಲಿ ಇಳಿದಾಗ ಆಕೆಯ ಬಗಲಲ್ಲಿ ಖಡ್ಗವಿರಲಿಲ್ಲ. ಉಕ್ಕಿನ ಟೇಪು, ಒಂದು ತುಂಡು ಸೀಮೆಸುಣ್ಣ ಇದ್ದವು. ದೇಸೂರಿನಿಂದ ಗುಂಜಿಯವರೆಗೆ ಬಾವಿಗಳ ನೀರಿನ ಮಟ್ಟ ಅಳೆದು ಸರಕಾರಕ್ಕೆ ಕಳಿಸುವುದು, ಅದೇ ಅಂಕಿಯನ್ನು ಊರಿನ ಹಲಗೆಯ ಮೇಲೆ ಬರೆಯುವುದು ಆಕೆಯ ಕೆಲಸ. ಹತ್ತೊಂಬತ್ತು ವರ್ಷ, ಒಂದು ತಿಂಗಳೂ ಹಲಗೆ ಖಾಲಿ ಬಿಟ್ಟವಳಲ್ಲ. ಮದುವೆಯ ಅರಿಸಿನದ ಕೈಯಲ್ಲೇ ಟೇಪು ಹಿಡಿದವಳು.

ಇಂದು ಬಾವಿಯ ಬಳಿ ಬೋರು ಕೊರೆಯುವ ಲಾರಿ ಮದ್ದಾನೆಯಂತೆ ನಿಂತಿತ್ತು. ಅದರ ಮುಂದೆ, ಅದನ್ನು ತರಿಸಿದ ಬಂಡೆಪ್ಪ ಮೀಸೆ ತಿರುವುತ್ತಿದ್ದ. ಊರು ತಾನೇ ಮಾಡಿಕೊಂಡ ಕಟ್ಟಳೆಯಿತ್ತು: ನೀರು ಹತ್ತು ಮೀಟರಿಗಿಂತ ಕೆಳಗಿಳಿದರೆ, ಇಲ್ಲವೇ ಅಂಕಿಯೇ ಬರದಿದ್ದರೆ, ಆ ಬೇಸಿಗೆ ಹೊಸ ಬೋರಿಲ್ಲ.

ಪ್ರಮಿಳಾ ಟೇಪಿಗೆ ಸುಣ್ಣ ಸವರಿ ಬಾವಿಗೆ ಇಳಿಬಿಟ್ಟಳು. ಎಳೆದು, ಸುಣ್ಣ ಒದ್ದೆಯಾದ ಗೆರೆ ನೋಡಿದಳು. ಹತ್ತು ಮೀಟರು, ಮೂವತ್ತು ಸೆಂಟಿಮೀಟರು.

"ಸುಳ್ಳ!" ಬಂಡೆಪ್ಪ ಗುಡುಗಿದ. "ಹೋದ ತಿಂಗಳ ಒಂಬತ್ತೂವರಿ ಇತ್ತು. ನಿಮ್ಮ ಟೇಪ್ ಉಪವಾಸ ಬಿದ್ದ ಸೊರಗೈತೇನ್ರಿ?"

"ಟೇಪ್ ಸೊರಗಿಲ್ಲರಿ. ನಿಮ್ಮ ಕಟ್ಟಿ ಬೆಳದೈತಿ."

ಹೌದು. ಹೋದ ವಾರವಷ್ಟೇ ಬಂಡೆಪ್ಪ ತಾಯಿಯ ನೆನಪಿಗೆ ಬಾವಿಯ ಕಟ್ಟೆ ಎತ್ತರಿಸಿ ಹಾಲುಗಲ್ಲು ಕೂರಿಸಿದ್ದ. ಅದರಲ್ಲಿ ತಾಯಿಯ ಹೆಸರು ಜೋಳದ ಕಾಳಿನಷ್ಟು, ಅವನ ಹೆಸರು ಕುಂಬಳಕಾಯಿಯಷ್ಟು. ಎಲ್ಲಿಂದ ಅಳತೆ ಹಿಡಿಯಬೇಕೋ ಆ ಹಳೆಯ ಕೆಂಪು ಗೆರೆ ಅದರಡಿ ಹೂತುಹೋಗಿತ್ತು.

"ಹಂಗಾರ ಏರಿಸಿದ್ದಷ್ಟ ಕಳೀರಿ!"

"ಎಷ್ಟ ಏರಿಸೀರಿ?"

ಕಟ್ಟೆ ಕಟ್ಟಿದ ಗೌಂಡಿ ಲಕ್ಷ್ಮಣ ಒಂದು ಗೇಣೆಂದ. ಬಂಡೆಪ್ಪನ ಕಣ್ಣು ನೋಡಿ ಒಂದು ಮೊಳವೆಂದ. ಗೇಣು ಕಳೆದರೆ ನೀರು ಇನ್ನೂ ಹತ್ತರ ಕೆಳಗೇ, ಬೋರಿಲ್ಲ; ಮೊಳ ಕಳೆದರೆ ಹತ್ತರೊಳಗೆ, ಬೋರು ಉಂಟು.

ಪ್ರಮಿಳಾ ಟೇಪು ಸುತ್ತಿಟ್ಟಳು. ಊಹೆಯ ಅಂಕಿ ಬರೆದರೆ ಸುಳ್ಳು. ಬರೆಯದಿದ್ದರೆ ಹತ್ತೊಂಬತ್ತು ವರ್ಷದ ಸಾಲು ಮುರಿಯುತ್ತದೆ.

"ಕಲ್ಲ ತಗೀರಿ," ಎಂದಳು. "ಗೆರಿ ಕಾಣ್ಲಿ. ಕಂಡಷ್ಟ ಬರೀತೀನಿ."

"ತಗಿಯೋ ಬಂಡೆಪ್ಪಾ," ಕೊಡ ಹಿಡಿದು ನಿಂತಿದ್ದ ಮುದುಕಿ ಗೌರವ್ವ ನಕ್ಕಳು. "ನಿಮ್ಮವ್ವ ಸಿಟ್ಟಾಗೂದಿಲ್ಲ. ಹೆಂಗೂ ಆಕಿ ಹೆಸರ ಯಾರಿಗೂ ಕಾಣವಲ್ದು!"

ಲಕ್ಷ್ಮಣ ಹಾರೆ ಎತ್ತಿದ. ಅದರ ಮೂತಿ ಸರಿಯಾಗಿ ಕುಂಬಳಕಾಯಿ ಅಕ್ಷರದ ನೆತ್ತಿಗೇ ಕೂತಿತು.

"ತಡೀಯೋ!" ಬಂಡೆಪ್ಪ ಹಾರೆಗೆ ಜೋತುಬಿದ್ದ. ಕಲ್ಲನ್ನು ಅಂಗೈಯಿಂದ ಒರೆಸಿ, ಲಾರಿಯವನಿಗೆ ತಿರುಗಿ, "ಗಾಡಿ ಹೊಳ್ಳಸಪಾ," ಎಂದ, ಹೆಣ ಎತ್ತುವವನ ದನಿಯಲ್ಲಿ.

ಅಂಕಿಯಿಲ್ಲ, ಬೋರಿಲ್ಲ; ಲಾರಿ ಹಿಂದಿರುಗಿತು, ಬಾವಿ ಉಳಿಯಿತು. ಪ್ರಮಿಳಾ ಸೀಮೆಸುಣ್ಣ ಹಿಡಿದು ಹಲಗೆಗೆ ಹೋದಳು. ಅದನ್ನು ಖಾಲಿ ಬಿಡದೆ, ಅಂಕಿಯ ಜಾಗದಲ್ಲಿ ದೊಡ್ಡದಾಗಿ ಬರೆದಳು: ಗೆರೆ ಕಾಣಲಿಲ್ಲ.