ಗಾಜಿನ ತೊಟ್ಟಿಯಲ್ಲೊಬ್ಬ ಜಂಗಮ

ಏಡಿಯನ್ನು ಉಪ್ಪಿನಕಾಯಿ ಹಾಕಲು ಹೊರಟ ಹೆಂಗಸು ಶಿಕಾರಿಪುರದಲ್ಲಿ ನಾನೊಬ್ಬಳೇ ಇರಬೇಕು. ಅದೂ ದಿನಾ ಲಿಂಗಪೂಜೆ ನಡೆಯುವ, ಮೊಟ್ಟೆಯ ಸಿಪ್ಪೆಯೂ ಹೊಸಿಲು ದಾಟದ ಮನೆಯಲ್ಲಿ. ಬೇಕೆಂದು ಮಾಡಿದ್ದಲ್ಲ. ನಿಮಗೆ ನಗು ಬಂದರೆ ನಗಿ. ಈಗ ನನಗೂ ಬರುತ್ತದೆ.

ಬೇಸಿಗೆಯ ಮೊದಲಲ್ಲಿ ಮುರುಡೇಶ್ವರಕ್ಕೆ ಹೋಗಿ ಬಂದಿದ್ದೆವು. ನಾಲ್ಕನೇ ಕ್ಲಾಸಿನಲ್ಲಿದ್ದ ಮಗಳು ನಳಿನಿ ದಂಡೆಯಲ್ಲಿ ಕಂಡ ಶಂಖ, ಚಿಪ್ಪು, ಹಸಿರುಗಟ್ಟಿದ ತೂತು ಕಲ್ಲು ಎಲ್ಲವನ್ನೂ ಒದ್ದೆ ಪಾಚಿಯ ಸಮೇತ ಬಕೆಟ್ಟಿಗೆ ತುಂಬಿಕೊಂಡಿದ್ದಳು. ಮನೆಗೆ ಬಂದು ನೋಡಿದರೆ ನೆಲ್ಲಿಕಾಯಿ ಗಾತ್ರದ ಒಂದು ಶಂಖ ತಾನಾಗಿಯೇ ಬಕೆಟ್ಟಿನ ಗೋಡೆ ಹತ್ತುತ್ತಿದೆ! ಒಳಗೊಂದು ಏಡಿ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಇದರ ಪಾಠ ಮಾಡಿದ್ದರು. ಸ್ವಂತ ಚಿಪ್ಪಿಲ್ಲದ, ಬೇರೆ ಪ್ರಾಣಿ ಬಿಟ್ಟುಹೋದ ಶಂಖದಲ್ಲಿ ಬಿಡಾರ ಹೂಡುವ ಸನ್ಯಾಸಿ ಏಡಿ. ಮನೆ ಬಿಟ್ಟವನು ಸನ್ಯಾಸಿ ಎಂದು ನಾವು ತಿಳಿದಿದ್ದರೆ, ಈ ಸನ್ಯಾಸಿ ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡಿದ್ದಾನೆ. ಗೃಹಿಣಿಯಾದ ನನಗೆ ಅವನ ಕಷ್ಟ ಚೆನ್ನಾಗಿ ಅರ್ಥವಾಯಿತು.

ಅತ್ತೆಯವರು ಮಾತ್ರ ಒಪ್ಪಲಿಲ್ಲ. “ಸನ್ಯಾಸಿ ಅಲ್ಲವ್ವಾ, ಜಂಗಮ ಇದು. ಊರೂರು ತಿರುಗಿ ನಮ್ಮನಿಗೆ ಬಂದೈತಿ. ಬಂದ ಜಂಗಮ ಉಪವಾಸ ಇರಬಾರದು. ಇನ್ನ ಜೀವ ಹೋದರಂತೂ ಮುಗೀತು, ಆ ಪಾಪ ಈ ಮನಿಗೆ ಬ್ಯಾಡ.”

ಹೀಗೆ ನಮ್ಮ ಪಡಸಾಲೆಗೆ ಸಮುದ್ರ ಬಂದಿತು. ನಮ್ಮವರಿಗೆ ಶಿರಾಳಕೊಪ್ಪದಲ್ಲಿ ಅಕ್ಕಿ ವ್ಯಾಪಾರ. ಹೊನ್ನಾವರಕ್ಕೆ ಅಕ್ಕಿ ಒಯ್ದ ಲಾರಿ ತಿರುಗಿ ಬರುವಾಗ ಮೂರು ಕ್ಯಾನು ಸಮುದ್ರದ ನೀರು ತಂದಿತು. ದೇವರ ಪಟಗಳಿಗೆ ಕಟ್ಟು ಹಾಕುವವನು ಉಳಿದ ಗಾಜಿನ ತುಂಡುಗಳನ್ನು ಅಂಟಿಸಿ ಮೊಳದುದ್ದದ ತೊಟ್ಟಿ ಮಾಡಿಕೊಟ್ಟ. “ಇದರಾಗ ಯಾವ ದೇವರನ್ನ ಕೂಡಿಸ್ತೀರಿ ಅಕ್ಕಾರ?” ಎಂದು ಕೇಳಿದ. ಏಡಿ ಎನ್ನಲಾಗದೆ ದುಡ್ಡು ಎಣಿಸಿ ಕೊಟ್ಟೆ. ತಳಕ್ಕೆ ಮರಳು, ಮೇಲೆ ಆ ತೂತು ಕಲ್ಲುಗಳು, ಗುಳ್ಳೆ ಬಿಡಲು ಶಿವಮೊಗ್ಗೆಯಿಂದ ತಂದ ಪುಟ್ಟ ಯಂತ್ರ. ಕರೆಂಟು ಹೋದಾಗ ಅತ್ತೆ ಲೋಟದಲ್ಲಿ ನೀರೆತ್ತಿ, ಕಾಫಿ ಆರಿಸುವವರಂತೆ ಮೇಲಿನಿಂದ ಸುರಿಯುತ್ತ ಕೂರುತ್ತಿದ್ದರು. ಊಟಕ್ಕೆ ಒಂದಗುಳು ಅನ್ನ, ಸೌತೆಕಾಯಿಯ ಒಂದು ಸಣ್ಣ ಚೂರು. ಇಷ್ಟು ಕಡಿಮೆ ಚಾಕರಿ ಬೇಡುವ ನೆಂಟ ನಮ್ಮ ಮನೆಗೆ ಅದುವರೆಗೆ ಬಂದಿರಲಿಲ್ಲ.

ಇದ್ದುದು ಒಂದೇ ಕೆಲಸ. ಬಿಸಿಲಿಗೆ ನೀರು ದಿನಕ್ಕಿಷ್ಟು ಇಳಿಯುತ್ತಿತ್ತು. ಹಣೆಗಿಡುವ ಸ್ಟಿಕ್ಕರನ್ನು ಗಾಜಿಗೆ ಅಂಟಿಸಿ, ನೀರು ಅದಕ್ಕಿಂತ ಕೆಳಗಿಳಿದಾಗಲೆಲ್ಲ ತುಂಬಿಸುತ್ತಿದ್ದೆ. ಏನು ತುಂಬಿಸುತ್ತಿದ್ದೆ ಎನ್ನುವುದೇ ಕಥೆ. ನನ್ನ ತವರು ಸೊರಬ. ಮಿಡಿ ಮಾವಿನಕಾಯಿಯ ಭರಣಿಗೆ ಹಸಿ ನೀರು ಹನಿ ತಾಕಿದರೂ ವರ್ಷದ ಉಪ್ಪಿನಕಾಯಿ ಹಾಳು ಎಂದು ಕೇಳುತ್ತ ಬೆಳೆದವಳು. ಭರಣಿಯಲ್ಲಿ ರಸ ಕಡಿಮೆಯಾದರೆ ಉಪ್ಪುನೀರನ್ನೇ ಕುದಿಸಿ, ಆರಿಸಿ ಹಾಕಬೇಕು. ಕ್ಯಾನಿನ ನೀರು ಮುಗಿದ ಮೇಲೆ ಏಡಿಗೂ ನಾನು ಅದನ್ನೇ ಮಾಡಿದೆ, ಕಲ್ಲುಪ್ಪು ಹಾಕಿ, ಬಟ್ಟೆಯಲ್ಲಿ ಸೋಸಿ, ಶ್ರದ್ಧೆಯಿಂದ.

ಮೂರು ವಾರಕ್ಕೆ ಜಂಗಮ ಮಂಕಾದ. ನೀರು ಬಿಟ್ಟು ಕಲ್ಲಿನ ನೆತ್ತಿ ಹತ್ತಿ ಕೂತ. ಕಾಲುಗಳು ಶಂಖದಿಂದ ಅರ್ಧ ಹೊರಗೆ ಜೋತುಬಿದ್ದಿದ್ದವು. ಇಟ್ಟ ಅಗುಳು ಇಟ್ಟಲ್ಲೇ. ಮೂರನೆಯ ದಿನ ಮಧ್ಯಾಹ್ನ ಅತ್ತೆ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಅದು ಉಣ್ಣಲಾರದಾಗ ನನಗೆಂಗ ಗಂಟಲಾಗ ಇಳೀತೈತಿ?”

“ಅತ್ತೇರೆ, ಅದು ಏಡಿ ಕಣ್ರೀ...”

“ಗೊತ್ತೈತಿ ನನಗ. ಬಾಗಿಲೊಳಗ ಕರಕೊಂಡಾಕಿ ನೀನಽ ಹೌದಿಲ್ಲೊ?”

ಎಪ್ಪತ್ತು ದಾಟಿದ ಜೀವ. ಹಾಲಿನ ಹೊರತು ಏನೂ ಮುಟ್ಟಲಿಲ್ಲ. ಈಗ ಉಳಿಸಬೇಕಾದವರು ಇಬ್ಬರಾದರು. ಕೈಗೆ ಬೇರೆ ಕೆಲಸ ತೋಚದೆ ತೊಟ್ಟಿಯ ಗಾಜು ಒರೆಸತೊಡಗಿದೆ. ಅಂಚಿನುದ್ದಕ್ಕೂ ಬೆಳ್ಳಗೆ, ರಂಗೋಲಿ ಎಳೆದಂತೆ ಏನೋ ಕಟ್ಟಿತ್ತು. ಬೆರಳಿಗೆ ಹತ್ತಿದ್ದನ್ನು ನಾಲಿಗೆಗಿಟ್ಟೆ. ಉಪ್ಪು. ತೊಟ್ಟಿಯ ನೀರಿನ ಒಂದು ಹನಿಯನ್ನೂ ರುಚಿ ನೋಡಿದೆ. ಮುಖ ಹಿಂಡಿಹೋಯಿತು.

ಅತ್ತೆ ಗೋಡೆಗೊರಗಿ ನೋಡುತ್ತಿದ್ದರು. “ಬಿಸಿಲಿಗೆ ಹೋಗೋದು ನೀರವ್ವಾ. ಉಪ್ಪು ಎಲ್ಲಿಗೆ ಹೋಗತೈತಿ? ಅದರ ಮ್ಯಾಲ ಮತ್ತ ಉಪ್ಪು ಸುರುವಿದಿ? ಇಂಗ್ಲಿಷ್ ಸಾಲಿ ಕಲಿತಾಕಿ! ಖಾರ ಒಂದು ಬಾಕಿ ಐತಿ, ಹಾಕಿ ಭರಣಿಗೆ ತುಂಬಿಬಿಡು.”

ಬೈದವರೇ ದಾರಿಯನ್ನೂ ಹೇಳಿದರು. ಜ್ವರದ ಕೂಸಿಗೆ ಒಮ್ಮೆಲೇ ತಣ್ಣೀರು ಹೊಯ್ಯುತ್ತಾರೆಯೇ? ಒಂದು ಲೋಟ ಉಪ್ಪುನೀರು ಹೊರಗೆ, ಒಂದು ಲೋಟ ಬಾವಿ ನೀರು ಒಳಗೆ, ತಾಸಿಗೊಮ್ಮೆ. ಎರಡು ದಿನ ಅತ್ತೆ ಸೊಸೆ ಸರದಿಯ ಮೇಲೆ ಸಮುದ್ರ ತಿದ್ದಿದೆವು. ಮೂರನೆಯ ಬೆಳಿಗ್ಗೆ ಶಂಖ ಕಲ್ಲಿನಿಂದ ಇಳಿಯಿತು. ಮರಳಿನ ಮೇಲೆ ಗೆರೆ ಎಳೆಯುತ್ತ ಬಂದು, ಚಿಮುಟದಂಥ ಕೈ ಚಾಚಿ ಅಗುಳನ್ನು ಹಿಡಿಯಿತು. “ಮುಟ್ಟಿತು! ನಳಿನೀ, ಮುಟ್ಟಿತು!” ಎಂದು ಅತ್ತೆ ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಕೂಡಲೇ ತಟ್ಟೆ ಹಾಕಿದೆ. ಸಂಭ್ರಮದಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿದ್ದದ್ದು ನನಗೆ ಗೊತ್ತಾದದ್ದು ಅವರು ಮೊದಲ ತುತ್ತಿಗೆ ಕಣ್ಣು ಕಿರಿದಾಗಿಸಿದಾಗ. ಬೇರೆ ದಿನವಾಗಿದ್ದರೆ ನನ್ನ ತವರಿನವರೆಗೂ ಸುದ್ದಿ ಮುಟ್ಟುತ್ತಿತ್ತು. ಆ ದಿನ ಅವರು ನನ್ನ ಮುಖ ನೋಡಿದರು, ಪಕ್ಕದಲ್ಲಿದ್ದ ಬಿಸಿನೀರಿನ ತಂಬಿಗೆಯಿಂದ ತಮ್ಮ ಸಾರಿಗೆ ಒಂದಿಷ್ಟು ಬಗ್ಗಿಸಿಕೊಂಡರು, ಕಲಸಿದರು. ಪೂರ್ತಿ ಉಂಡರು.