ಹತ್ತು ಗಂಟೆಯ ಗಂಜಿ

ಫೆಬ್ರುವರಿ ಹದಿನೆಂಟು, ಮಂಗಳವಾರ, ಬೆಳಗಿನ ನಾಲ್ಕು ಐವತ್ತು. ಲಿಂಗಸುಗೂರಿನ ನಮ್ಮ ಮನೆಯ ಮುಂದೆ ಬಾಡಿಗೆ ಕಾರು ನಿಂತಿತ್ತು. ಹಾಜರಿದ್ದವರು ನಾನು, ನನ್ನ ಹೆಂಡತಿ, ಕಾರಿನ ಚಾಲಕ. ದಾರಿಯಲ್ಲಿ ಮಸ್ಕಿಯಿಂದ ಹೆಂಡತಿಯ ತಂಗಿ ಹತ್ತುವವಳಿದ್ದಳು.

ಹೆಂಡತಿಗೆ ಹೋದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆ ಆಗಿದೆ. ಅಂದಿನಿಂದ ಅವಳು ಪಿಸುಮಾತಿನಲ್ಲೇ ಮಾತಾಡುತ್ತಾಳೆ. ಗಟ್ಟಿ ಪದಾರ್ಥ ಇಳಿಯುವುದಿಲ್ಲ. ಹುಳಿ ಮತ್ತು ತಣ್ಣಗಿನದು ಕೂಡದು. ಎರಡು ತಾಸಿಗೊಮ್ಮೆ ಒಂದು ಲೋಟ ಬಿಸಿ ಜೋಳದ ಗಂಜಿ, ಹಾಲಿನಷ್ಟು ತೆಳ್ಳಗೆ. ಹೊತ್ತು ಮೀರಿದರೆ ಕಣ್ಣು ಕತ್ತಲಿಟ್ಟು ಬೀಳುತ್ತಾಳೆ. ಒಮ್ಮೆ ಬಚ್ಚಲ ಬಾಗಿಲಲ್ಲಿ ಬಿದ್ದು ಹುಬ್ಬು ಒಡೆದುಕೊಂಡಳು. ಆ ದಿನ ನಾನು ಬ್ಯಾಂಕಿನಲ್ಲಿ ಅರ್ಧ ತಾಸು ತಡ ಮಾಡಿದ್ದೆ. ಅದಾದ ಮೇಲೆ ಒಂದು ಹೊತ್ತೂ ತಪ್ಪಿಸಿಲ್ಲ. ಆರು, ಎಂಟು, ಹತ್ತು, ಹನ್ನೆರಡು, ಹೀಗೆ ರಾತ್ರಿ ಎಂಟರವರೆಗೆ. ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಮರುತಪಾಸಣೆ ದೂರದ ಊರಿನ ಆಸ್ಪತ್ರೆಯಲ್ಲಿ. ಎರಡು ದಿನ ರೈಲಿನಲ್ಲಿ ಕೂರುವ ಶಕ್ತಿ ಅವಳಿಗಿಲ್ಲ, ಆದ್ದರಿಂದ ವಿಮಾನ. ಒಯ್ಯುವ ಸಾಮಾನಿನ ಪಟ್ಟಿಯನ್ನು ಒಂದು ವಾರ ಮೊದಲೇ ಮಾಡಿದ್ದೆ. ಅದರಲ್ಲಿ ಎರಡು ಸ್ಟೀಲಿನ ಥರ್ಮಾಸ್. ಕೆಂಪು ಮುಚ್ಚಳದ ದೊಡ್ಡದು ಗಂಜಿಗೆ, ನೀಲಿ ಮುಚ್ಚಳದ ಸಣ್ಣದು ನನಗೂ ನಾದಿನಿಗೂ ಮಜ್ಜಿಗೆಗೆ.

ಮಸ್ಕಿಯಲ್ಲಿ ನಾದಿನಿ ಒಂದು ಬಟ್ಟೆಚೀಲ ಹೆಚ್ಚಾಗಿಯೇ ಹಿಡಿದು ನಿಂತಿದ್ದಳು.

“ಅದೇನ್ ಬೇ?” ಎಂದೆ.

“ಜೋಳದ ಹಿಟ್ಟು ಮಾವ. ವಸ್ತ್ರಗಾಳಿತ ಮಾಡೀನಿ. ಆ ಊರಾಗ ಎಂಥಾ ಹಿಟ್ಟು ಸಿಗತೈತೋ ಏನೋ.”

“ಪಟ್ಟಿಯೊಳಗ ಇಲ್ಲ. ವಾಪಸ್ ಇಟ್ ಬಾ.”

“ನಿಮ್ ಪಟ್ಟಿಯೊಳಗ ನನ್ ಹೆಸರರ ಐತೋ ಇಲ್ಲೋ? ಇಲ್ಲಂದ್ರ ನಾನೂ ವಾಪಸ್ ಹೋಗ್ತೀನಿ.”

ಹೆಂಡತಿ ಕಾರಿನೊಳಗಿಂದ ತಂಗಿಯ ಕೈ ಹಿಡಿದು ಒಳಗೆ ಎಳೆದುಕೊಂಡಳು. ಚೀಲ ಒಳಗೆ ಹೋಯಿತೋ ಹೊರಗೆ ಉಳಿಯಿತೋ ಕತ್ತಲಲ್ಲಿ ನನಗೆ ಕಾಣಲಿಲ್ಲ. ಹೊತ್ತಾಗುತ್ತಿತ್ತು, ಕೇಳಲಿಲ್ಲ.

ಆರಕ್ಕೆ ಸಿಂಧನೂರಿನಲ್ಲಿ ಕಾರು ನಿಲ್ಲಿಸಿ ಮೊದಲ ಲೋಟ ಕೊಟ್ಟೆ. ಎಂಟರದನ್ನು ದಾರಿಯ ಒಂದು ಪೆಟ್ರೋಲ್ ಬಂಕಿನಲ್ಲಿ ಕೊಟ್ಟೆ. ವಿಮಾನ ನಿಲ್ದಾಣ ಮುಟ್ಟಿದಾಗ ಒಂಬತ್ತು. ದೊಡ್ಡ ಚೀಲಗಳನ್ನು ಒಪ್ಪಿಸಿ, ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ತಪಾಸಣೆಯ ಸಾಲಿಗೆ ಬಂದಾಗ ಒಂಬತ್ತು ಹದಿನೈದು. ಇಲ್ಲಿಯವರೆಗೆ ಎಲ್ಲವೂ ಹೊತ್ತಿಗೆ ಸರಿಯಾಗಿತ್ತು.

ತಪಾಸಣೆ ನನಗೆ ಹೊಸದಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಪ್ರತಿ ಪಾಳಿ ಮುಗಿದು ಮೇಲೆ ಬಂದಾಗ ಗೇಟಿನಲ್ಲಿ ಮೈ ತಡವಿಸಿಕೊಂಡೇ ಮನೆಗೆ ಹೋಗಿದ್ದೇನೆ. ಅದರಲ್ಲಿ ಅವಮಾನವೇನೂ ಇಲ್ಲ. ಚಿನ್ನ ಇರುವಲ್ಲಿ ಹುಡುಕಬೇಕು, ವಿಮಾನ ಇರುವಲ್ಲಿಯೂ ಹುಡುಕಬೇಕು. ಆದರೆ ಹುಡುಕುವುದೂ ಒಂದು ಕೆಲಸ, ಅದಕ್ಕೂ ಒಂದು ಶಿಸ್ತಿದೆ. ಅದು ಇಲ್ಲದ ಕಡೆ ನನ್ನ ರಕ್ತ ಕುದಿಯುತ್ತದೆ.

ಯಂತ್ರದ ಆಚೆ ನಿಂತಿದ್ದ ಯುವಕ ಎರಡೂ ಥರ್ಮಾಸನ್ನು ಬದಿಗೆ ಎತ್ತಿಟ್ಟ. ಅವನ ಮಾತು ಹಿಂದಿ. ನಾನು ನಮ್ಮ ಕಡೆಯ ಉರ್ದುವಿನಲ್ಲಿ ಉತ್ತರ ಕೊಟ್ಟೆ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

“ಇದಕ್ಕೆ ಎರಡು ಪದರ ಇದೆ. ಒಳಗೆ ಏನಿದೆ ಅಂತ ಯಂತ್ರದಲ್ಲಿ ಕಾಣುವುದಿಲ್ಲ. ಖಾಲಿ ಮಾಡಿ ತನ್ನಿ,” ಎಂದು ಮೂಲೆಯ ಬಕೆಟ್ಟು ತೋರಿಸಿದ.

ನಮ್ಮ ಮಜ್ಜಿಗೆಯ ಬಗ್ಗೆ ನಾನು ವಾದ ಮಾಡಲಿಲ್ಲ. ನಾನೇ ಹೋಗಿ ಬಕೆಟ್ಟಿಗೆ ಸುರಿದು ಬಂದೆ. ಹಿಂದಿನಿಂದ ನಾದಿನಿ, “ನನ್ ಪಾಲಿಂದು ಕುಡಿಯಾಕರ ಬಿಡಬಾರ್ದೇನ್ರಿ!” ಎಂದಳು. ಕೆಂಪು ಮುಚ್ಚಳದ್ದನ್ನು ಮಾತ್ರ ಮುಟ್ಟಲಿಲ್ಲ.

“ಇದು ರೋಗಿಯ ಊಟ. ವೈದ್ಯರ ಪತ್ರ ಇದೆ,” ಎಂದು ಫೈಲು ತೆಗೆದೆ.

ಅವನು ಪತ್ರದ ಕಡೆ ನೋಡಲೇ ಇಲ್ಲ. “ಒಳಗೆ ಅಂಗಡಿ ಇವೆ, ಎಲ್ಲ ಸಿಗುತ್ತದೆ. ಸುರಿಯಿರಿ, ಬೇಗ.”

“ಜೋಳದ ಗಂಜಿ ಸಿಗುತ್ತದೆಯೇ?”

“ಕಾಫಿ ಸಿಗುತ್ತದೆ.”

ಮನುಷ್ಯಳೊಬ್ಬಳ ಊಟವನ್ನು ಬಕೆಟ್ಟಿಗೆ ಸುರಿ ಎನ್ನುವವನು ಆ ಮನುಷ್ಯಳ ಮುಖವನ್ನಾದರೂ ಒಮ್ಮೆ ನೋಡಬೇಕು. ಅವಳು ಅವನಿಂದ ಮೂರು ಅಡಿ ದೂರದಲ್ಲಿ, ಕತ್ತಿಗೆ ಹತ್ತಿಯ ಬಟ್ಟೆ ಸುತ್ತಿಕೊಂಡು ಕುಳಿತಿದ್ದಳು. ನಾನು ದನಿ ಎತ್ತಿದೆ. ಪಾಳಿಯ ಲೆಕ್ಕ ಕೂಗುವಾಗಿನ ದನಿ ಅದು, ಇನ್ನೂ ಹೋಗಿಲ್ಲ. ಮೇಲಿನವರನ್ನು ಕರೆಯಿರಿ, ಅಲ್ಲಿಯವರೆಗೆ ನಾನು ಕದಲುವುದಿಲ್ಲ ಎಂದೆ. ಹಿಂದೆ ಸಾಲು ಬೆಳೆಯಿತು. ಯಾರೋ “ಅಜ್ಜಾರ, ಬಿಡ್ರಿ” ಎಂದರು. ಬಿಡಲಿಲ್ಲ.

ಒಂಬತ್ತು ಇಪ್ಪತ್ತೆಂಟಕ್ಕೆ ಹಿರಿಯ ಅಧಿಕಾರಿಣಿಯೊಬ್ಬರು ಬಂದರು. ನಿಂತು ಪತ್ರವನ್ನು ಪೂರ್ತಿ ಓದಿದರು. ಹೆಂಡತಿಯನ್ನು ನೋಡಿ ನಮಸ್ಕಾರ ಮಾಡಿದರು. “ರೋಗಿಯ ಊಟಕ್ಕೆ ಅಡ್ಡಿಯಿಲ್ಲ. ಒಮ್ಮೆ ತೆರೆದು ತೋರಿಸಿ, ಒಯ್ಯಿರಿ,” ಎಂದರು. ನಾನು ಕೇಳಿದ್ದು ಇಷ್ಟೇ, ಇಷ್ಟನ್ನು ಹದಿಮೂರು ನಿಮಿಷ ಮೊದಲೇ ಹೇಳಬಹುದಿತ್ತು.

ಇಲ್ಲಿ ಗಣಿಯ ಗೇಟಿನ ಪದ್ಧತಿ ಹೇಳಬೇಕು. ಪಾಳಿ ಬಿಟ್ಟು ಬಂದವನು ಸಾಲಿನಲ್ಲಿ ನಿಂತು, ಕಾವಲುಗಾರ “ತೋರಿಸು” ಎಂದ ಕೂಡಲೇ ಚಹಾದ ಥರ್ಮಾಸಿನ ಮುಚ್ಚಳ ತಿರುವಬೇಕು, ಪೂರ್ತಿ ಬೋರಲು ಹಾಕಬೇಕು, ತಳಕ್ಕೆ ಎರಡು ಸಲ ತಟ್ಟಬೇಕು. ಒಳಗೆ ಕಲ್ಲಿನ ಚೂರು ಕೂಡ ಇಲ್ಲವೆಂದು ಅದರಿಂದ ತಿಳಿಯುತ್ತದೆ. ಉಳಿದ ಚಹಾವನ್ನು ಸಾಲಿಗೆ ಬರುವ ಮೊದಲೇ ಚೆಲ್ಲಿರುತ್ತಿದ್ದೆವು. ಮೂವತ್ತನಾಲ್ಕು ವರ್ಷ, ದಿನಕ್ಕೊಂದು ಸಲ.

ಅಧಿಕಾರಿಣಿ “ತೋರಿಸಿ” ಎಂದರು. ನಾನು ಮುಚ್ಚಳ ತಿರುವಿದೆ, ಬೋರಲು ಹಾಕಿದೆ, ಎರಡು ಸಲ ತಟ್ಟಿದೆ.

ಬಿಸಿ ಗಂಜಿ ಯಂತ್ರದ ಬೆಲ್ಟಿನ ಮೇಲೆ, ಯಾರದೋ ಬೂಟಿನ ಮೇಲೆ, ನನ್ನ ಧೋತರದ ಮೇಲೆ ಹರಿಯಿತು. ಬೆಲ್ಟು ನಿಂತಿತು.

“ನಾನು ತೋರಿಸಿ ಅಂದೆ ಅಷ್ಟೇ,” ಎಂದರು ಅಧಿಕಾರಿಣಿ ಮೆಲ್ಲಗೆ.

ಹೆಂಡತಿ ನನ್ನ ತೋಳು ಎಳೆದಳು. ಬಗ್ಗಿದೆ. ಕಿವಿಯಲ್ಲಿ ಪಿಸುಗುಟ್ಟಿದಳು: “ಪಾಳಿ ಮುಗೀತು ಅಂದ್ಕೊಂಡ್ರೇನು?”

ಅವಳಿಗೆ ನಗು. ನನಗೆ ಮಾತ್ರ ಮೈಯೆಲ್ಲ ಉರಿ. ಆ ಯುವಕನ ಮೇಲಿದ್ದ ಸಿಟ್ಟು ಎತ್ತ ಹೋಗಬೇಕೆಂದು ತಿಳಿಯದೆ ನನ್ನ ಕೈಗೇ ಬಂದು ನಿಂತಿತು. ಅವನು ಸುರಿಯಿರಿ ಎಂದದ್ದನ್ನು ಜಗಳವಾಡಿ ತಡೆದು, ಗೆದ್ದು, ಕೊನೆಗೆ ನಾನೇ ಸುರಿದಿದ್ದೆ. ಹೆಗಲ ಮೇಲಿನ ಟವೆಲ್ಲಿನಿಂದ ಬೆಲ್ಟು ಒರೆಸಿದೆ, ಬೂಟಿನವರ ಕ್ಷಮೆ ಕೇಳಿದೆ. ಗಡಿಯಾರ ನೋಡಿದೆ. ಒಂಬತ್ತು ಮೂವತ್ತೈದು. ಹತ್ತಕ್ಕೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಆಗ ನಾದಿನಿ ಯಂತ್ರದ ಇನ್ನೊಂದು ತುದಿಯಿಂದ ತನ್ನ ಬಟ್ಟೆಚೀಲ ಎತ್ತಿಕೊಂಡಳು. ಹಿಟ್ಟು ಒಳಗೇ ಇತ್ತು. ಒಂದು ಕಿಲೋ ಬಿಳಿ ಪುಡಿ, ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ. ಅದನ್ನು ಒಬ್ಬರೂ ತಡೆದಿರಲಿಲ್ಲ, ಬಿಚ್ಚಿಸಿರಲಿಲ್ಲ, ಏನೆಂದು ಕೇಳಿರಲಿಲ್ಲ. ಕುಡಿಯುವ ಗಂಜಿಗೆ ಇಷ್ಟು ಪಂಚಾಯಿತಿ, ಹಿಟ್ಟಿಗೆ ರಾಜಮಾರ್ಗ! ನಾನು ಹಿಂತಿರುಗಿ ಆ ಯುವಕನಿಗೆ ಇದನ್ನು ಹೇಳಲು ಹೊರಟೆ.

“ಸುಮ್ನ ನಡೀರಿ ಮಾವ,” ಎಂದು ನಾದಿನಿ ನನ್ನ ಅಂಗಿ ಹಿಡಿದಳು. “ಹಿಟ್ಟೂ ಸುರಿಸ್ತೀರೇನು? ಬಿಸಿನೀರು ನೋಡ್ರಿ ಮೊದ್ಲು.”

ಅವಳ ಯೋಚನೆ ಹೊಳೆಯಿತು. ಒಳ್ಳೆಯ ಥರ್ಮಾಸಿನಲ್ಲಿ ಕುದಿಯುವ ನೀರು ಹಾಕಿ ಮುಚ್ಚಿದರೆ ತೆಳು ಹಿಟ್ಟು ಅದರ ಶಾಖದಲ್ಲೇ ಬೇಯುತ್ತದೆ. ಆದರೆ ನೀರು ನಿಜಕ್ಕೂ ಕುದಿಯುತ್ತಿರಬೇಕು. ಕುಡಿಯುವ ನೀರಿನ ನಲ್ಲಿಯಲ್ಲಿ ಬಂದದ್ದು ಉಗುರುಬೆಚ್ಚಗಿನದು. ಮೊದಲ ಅಂಗಡಿಯವನು ಬರೀ ನೀರು ಕೊಡುವ ಪದ್ಧತಿ ಇಲ್ಲ ಎಂದ. ಎರಡನೆಯವನು ಚಹಾ ತೆಗೆದುಕೊಂಡರೆ ಕೊಡುತ್ತೇನೆ ಎಂದ, ಚಹಾ ತೆಗೆದುಕೊಂಡ ಮೇಲೆ ಸಣ್ಣ ಕಾಗದದ ಲೋಟದಲ್ಲಿ ಎರಡು ಗುಟುಕು ನೀರು ಕೊಟ್ಟ. ಇಷ್ಟು ದೊಡ್ಡ ಕಟ್ಟಡ, ಇಷ್ಟು ದೀಪ, ನೆಲದಲ್ಲಿ ಮುಖ ಕಾಣುವಷ್ಟು ಹೊಳಪು. ಅಲ್ಲಿ ರೋಗಿಗೆ ಒಂದು ತಂಬಿಗೆ ಬಿಸಿನೀರು ಇಲ್ಲ! ನಮ್ಮ ಗುರುಗುಂಟಾದ ಬಸ್ ನಿಲ್ದಾಣದ ಚಹಾದವನು ಕೇಳುವ ಮೊದಲೇ ಕೊಡುತ್ತಿದ್ದ.

ಮೂರನೆಯ ಅಂಗಡಿಯಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬಳಿದ್ದಳು. ನಾನು ಎರಡು ಥರ್ಮಾಸನ್ನೂ ಅವಳ ಮುಂದಿಟ್ಟು ಸಿಟ್ಟಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಮಾತಿನ ನಡುವೆಯೇ ಎದ್ದು ನೀರು ಕುದಿಯಲು ಇಟ್ಟಳು.

ಅವಳ ಮೇಜಿನ ತುದಿಯಲ್ಲಿಯೇ ನಾದಿನಿ ನೀಲಿ ಮುಚ್ಚಳದ್ದನ್ನು ಮೂರು ಸಲ ತೊಳೆದು, ಅದರಲ್ಲಿ ತಣ್ಣೀರಿಗೆ ಹಿಟ್ಟು ಕಲಸಿದಳು, ಗಂಟಿಲ್ಲದಂತೆ. ಕೆಂಪಿನದನ್ನು ಮೊದಲು ಒಮ್ಮೆ ಕುದಿನೀರು ಹಾಕಿ ಕಾಯಿಸಿ ಚೆಲ್ಲಿದೆವು. ಆಮೇಲೆ ಕಲಸಿದ ಹಿಟ್ಟು, ಉಪ್ಪು, ಕುದಿಯುವ ನೀರು, ಬಿಗಿಯಾದ ಮುಚ್ಚಳ. ಒಂಬತ್ತು ಐವತ್ತೆರಡು. ಇಪ್ಪತ್ತೈದು ನಿಮಿಷ ಬೇಯಬೇಕು.

ಹತ್ತು ಹೊಡೆಯಿತು. ಹೆಂಡತಿ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದಳು. ಹತ್ತು ಹತ್ತಕ್ಕೆ ಅವಳ ಹಣೆಯಲ್ಲಿ ಬೆವರು ಕಂಡಿತು. ನಾನು ಅವಳ ಮಣಿಕಟ್ಟು ಹಿಡಿದು ಕುಳಿತೆ. ನಾದಿನಿ ಥರ್ಮಾಸನ್ನು ಮಡಿಲಲ್ಲಿ ಅವುಚಿಕೊಂಡು, “ಯಕ್ಕಾ, ಇನ್ನೊಂದೀಟು ತಡಿ, ಬೇಯಾಕತ್ತೈತಿ,” ಎನ್ನುತ್ತಿದ್ದಳು. ಅವಳ ದನಿಯಲ್ಲಿ ತಮಾಷೆ ಹೋಗಿತ್ತು.

ಹತ್ತು ಹದಿನೇಳಕ್ಕೆ ಮುಚ್ಚಳ ತೆಗೆದೆ. ಬೆಂದ ಜೋಳದ ವಾಸನೆ ಬಂತು. ಲೋಟಕ್ಕೆ ಬಗ್ಗಿಸಿ, ಆರಿಸಿ, ಹತ್ತು ಇಪ್ಪತ್ತೆರಡಕ್ಕೆ ಅವಳ ತುಟಿಗೆ ಹಿಡಿದೆ. ನಿಧಾನವಾಗಿ ಪೂರ್ತಿ ಕುಡಿದಳು. ಹಣೆ ಒರೆಸಿಕೊಂಡಳು.

“ಉಪ್ಪು ಜಾಸ್ತಿ,” ಎಂದಳು.

“ನೋಡು ಮತ್ತ! ಪಟ್ಟಿಯೊಳಗ ಉಪ್ಪಿತ್ತು, ಹಿಟ್ಟಿರಲಿಲ್ಲ,” ಎಂದಳು ನಾದಿನಿ ನನ್ನ ಕಡೆ ನೋಡಿ.

ಪಟ್ಟಿಯಲ್ಲಿ ಇಲ್ಲದ್ದನ್ನು ಹೇಳದೆ ತಂದದ್ದು ತಪ್ಪೇ, ಈಗಲೂ ಹೇಳುತ್ತೇನೆ. ಆದರೆ ಆಗ ಅವಳೆದುರು ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ “ಹತ್ತರದು, ಇಪ್ಪತ್ತೆರಡು ನಿಮಿಷ ತಡ, ನನ್ನಿಂದ” ಎಂದು ಬರೆದೆ. ಪಟ್ಟಿಯ ಕೊನೆಗೆ “ಹಿಟ್ಟು, ಒಂದು ಕಿಲೋ” ಎಂದೂ ಸೇರಿಸಿದೆ. ಆ ಯುವಕನ ಬಗ್ಗೆ ದೂರಿನ ಪತ್ರವನ್ನು ವಿಮಾನದಲ್ಲೇ ಬರೆದು ಮುಗಿಸಿದೆ. ಪತ್ರ ಓದದೆ ಬಕೆಟ್ಟು ತೋರಿಸಬಾರದು ಎಂಬುದಷ್ಟೇ ಅದರ ಸಾರಾಂಶ. ಗಂಜಿ ಯಾರು ಚೆಲ್ಲಿದರು ಎಂಬುದನ್ನೂ ಮುಚ್ಚಿಡದೆ ಬರೆದೆ.

ಹನ್ನೆರಡರ ಲೋಟ ಆಕಾಶದಲ್ಲಿ, ಹೊತ್ತಿಗೆ ಸರಿಯಾಗಿ. ಉಳಿದವೂ ತಪ್ಪಲಿಲ್ಲ. ಸಂಜೆ ಆಸ್ಪತ್ರೆಯ ಎದುರಿನ ವಸತಿಗೃಹದಲ್ಲಿ ಎಂಟರದನ್ನು ಕೊಟ್ಟು, ಎರಡೂ ಥರ್ಮಾಸನ್ನು ಬಿಸಿನೀರಿನಲ್ಲಿ ತೊಳೆದೆ. ಒಣ ಟವೆಲ್ ಹಾಸಿ, ಬೋರಲು ಹಾಕಿ, ತಳಕ್ಕೆ ಎರಡು ಸಲ ತಟ್ಟಿದೆ. ಎಂಟು ಇಪ್ಪತ್ತು.